ಓಡುತ್ತಾ ಓಡುತ್ತಾ ಆಫ್ ಆಗುವ ಹಳೆ ಕಾರು: ಪಂಪೂ ಬದಲಾಯ್ತು, ಕಾಯಿಲೂ ಬದಲಾಯ್ತು, ರೋಗ ಹಾಗೇ ಇದೆ

ಹಳೆಗಾಡಿ_ಶಿವಮೊಗ್ಗ (ಭಾನುವಾರ ರಾತ್ರಿ 9:40)

ನಮಸ್ಕಾರ ಎಲ್ಲರಿಗೂ. ತಲೆ ಕೆಟ್ಟು ಬರೆಯುತ್ತಿದ್ದೇನೆ, ಉದ್ದ ಆದರೆ ಬೈಯಬೇಡಿ.

ಕಾರು 2004ರದ್ದು. ಪೆಟ್ರೋಲ್ ಹ್ಯಾಚ್‌ಬ್ಯಾಕ್, ನಾಲ್ಕು ಸಿಲಿಂಡರ್, ಎಂಪಿಎಫ್ಐ (ಕಾರ್ಬುರೇಟರ್ ಬದಲು ಇಂಜೆಕ್ಟರ್ ಇರುವುದು). 1,18,000 ಕಿ.ಮೀ. ಓಡಿದೆ. ಮೊದಲು ಅಪ್ಪನ ಕೈಯಲ್ಲಿತ್ತು, ಆರು ವರ್ಷದಿಂದ ನನ್ನ ಹತ್ತಿರ ಇದೆ. ಕಂಪನಿ ಹೆಸರು ಬೇಕಂತಲೇ ಹೇಳುತ್ತಿಲ್ಲ. ಹೋದ ಸಲ ಟೈರ್ ಬಗ್ಗೆ ಕೇಳುವಾಗ ಹೇಳಿದ್ದೆ. ಅರ್ಧ ಜನ "ಮಾರಿಬಿಡಿ" ಅಂದರು, ಇನ್ನರ್ಧ ಜನ ಅವರ ಜೊತೆ ಜಗಳಕ್ಕೆ ನಿಂತರು. ಟೈರ್ ವಿಷಯ ಅಲ್ಲೇ ಪಂಕ್ಚರ್ ಆಯ್ತು.

ತೊಂದರೆ ಇಷ್ಟೇ: ಗಾಡಿ ಇದ್ದಕ್ಕಿದ್ದ ಹಾಗೆ ಆಫ್ ಆಗುತ್ತದೆ. ದಿನಾ ಅಲ್ಲ. ಒಮ್ಮೊಮ್ಮೆ ಎರಡು ವಾರ ಏನೂ ಇಲ್ಲ, ಒಮ್ಮೊಮ್ಮೆ ಒಂದೇ ದಿನ ಮೂರು ಸಲ. ಕೆಲವು ಸಲ ಸಿಗ್ನಲ್‌ನಲ್ಲಿ ನಿಂತಾಗ, ಕೆಲವು ಸಲ 60ರಲ್ಲಿ ಹೋಗುತ್ತಿರುವಾಗ. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತದೆ.

ಹೋದ ವಾರ ಮಲ್ಪೆಗೆ ಹೋಗಿದ್ದೆವು. ಬೀಚ್ ಹತ್ತಿರ ಮೂರು ಗಂಟೆ ಕಾರು ಬಿಸಿಲಲ್ಲಿ ನಿಂತಿತ್ತು. ವಾಪಸ್ ಬರುವಾಗ ಹೆಬ್ರಿ ದಾಟಿ ಒಂದು ಹಂಪ್ ಹತ್ತಿ ಇಳಿದೆವು ಅಷ್ಟೇ, ಆಫ್. ಮುಂದೆ ಆಗುಂಬೆ ಘಾಟಿ, 14 ತಿರುವು. ಹಿಂದಿನ ಸೀಟಲ್ಲಿ ಮಾವ. ಅವರು ಏನೂ ಅನ್ನಲಿಲ್ಲ. ಕಿಟಕಿ ಇಳಿಸಿ ಹೊರಗೆ ನೋಡುತ್ತಾ ಕೂತರು. ಬೈದಿದ್ದರೆ ವಾಸಿ ಇತ್ತು. 20 ನಿಮಿಷ ಕಾದು ಕೀ ತಿರುಗಿಸಿದೆ, ಹೊಸ ಗಾಡಿ ಥರ ಸ್ಟಾರ್ಟ್ ಆಯ್ತು. ಘಾಟಿ ಪೂರ್ತಿ ಹತ್ತಿದೆ, ಒಂದು ಕೆಮ್ಮೂ ಇಲ್ಲ.

ಇಲ್ಲಿವರೆಗೆ ಖರ್ಚು: ಪ್ಲಗ್ 640, ಫ್ಯೂಯಲ್ ಫಿಲ್ಟರ್ 380, ಟ್ಯಾಂಕಿನೊಳಗಿನ ಪಂಪು 3,900, ಇಗ್ನಿಷನ್ ಕಾಯಿಲ್ 2,700, ಕೂಲಿ 1,500. ಒಟ್ಟು 9,120. ಈಗ ಗ್ಯಾರೇಜಿನವರು "ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಹೋಗಿರಬಹುದು ಸಾರ್, ಸೆಕೆಂಡ್ ಹ್ಯಾಂಡ್ ಒಂದು ಹುಡುಕೋಣ" ಅನ್ನುತ್ತಿದ್ದಾರೆ. ಏನು ಮಾಡಲಿ?

ಬೆಣ್ಣೆದೋಸೆ_ದಾವಣಗೆರೆ

ಮಾರಿಬಿಡಿ.

ಹಳೆಗಾಡಿ_ಶಿವಮೊಗ್ಗ

ಬಂದ್ರಾ! ನಿಮ್ಮನ್ನೇ ಕಾಯ್ತಾ ಇದ್ದೆ.

ಕುಂದಾಪ್ರ_ಕಡಲು

ಮಾರಾಯ್ರೆ, ಇದು ನೂರಕ್ಕೆ ನೂರು ಪೆಟ್ರೋಲ್ ಸಮಸ್ಯೆ. ಇ20 (20% ಎಥನಾಲ್ ಬೆರೆಸಿದ ಪೆಟ್ರೋಲ್) ಬಂದ ಮೇಲೆ ಹಳೆ ಗಾಡಿಗಳೆಲ್ಲ ಹೀಗೇ ಸಾಯುವುದು. ನನ್ನ ಹಳೆ ಬೈಕಿನ ಪೆಟ್ರೋಲ್ ಪೈಪು ಲಡ್ಡಾಗಿ ಕೈಗೆ ಪುಡಿ ಪುಡಿಯಾಗಿ ಬಂತು.

ಟಾರ್ಕ್_ತಿಮ್ಮ

ಶುರುವಾಯ್ತು. ಕಾರಿನ ಲೈಟ್ ಹತ್ತದಿದ್ದರೂ ಇ20, ವೈಪರ್ ಆಡದಿದ್ದರೂ ಇ20.

ಎಥನಾಲ್‌ನಿಂದ ತೊಂದರೆ ಇಲ್ಲ ಅಂತ ಹೇಳುತ್ತಿಲ್ಲ. ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಹಾಗಾಗಿ ಮೈಲೇಜ್ ಇಳಿಯುತ್ತದೆ. ಅದು ನೀರು ಎಳೆದುಕೊಳ್ಳುತ್ತದೆ, ಹಳೆ ರಬ್ಬರ್ ಪೈಪು, ಸೀಲುಗಳಿಗೆ ಒಳ್ಳೆಯದಲ್ಲ. 2004ರ ಗಾಡಿಯನ್ನು ಇ20ಗೆ ಅಂತ ಮಾಡಿಲ್ಲ, ಅದೂ ಸರಿ. ಆದರೆ ಪೆಟ್ರೋಲ್ ಕೆಟ್ಟಿದ್ದರೆ 20 ನಿಮಿಷ ಕಾದರೆ ಅದು ಹೇಗೆ ಒಳ್ಳೆಯದಾಗುತ್ತದೆ ಹೇಳಿ? ಅದೇ ಟ್ಯಾಂಕ್, ಅದೇ ಪೆಟ್ರೋಲ್, ಆಮೇಲೆ ಆಗುಂಬೆ ಹತ್ತಿದ್ದಾರೆ.

ಕುಂದಾಪ್ರ_ಕಡಲು

ನೀವು ಎಥನಾಲ್ ಕಂಪನಿಯವರಾ?

ಟಾರ್ಕ್_ತಿಮ್ಮ

ಅಲ್ಲ ಸ್ವಾಮಿ, ಮಂಡ್ಯದವನು. ನಮ್ಮ ಕಬ್ಬಿಂದಲೂ ಮಾಡ್ತಾರೆ, ಅಷ್ಟೇ ಸಂಬಂಧ.

ಸ್ಪ್ಯಾನರ್_ಸಿದ್ದ

ನಾನು 17 ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದೇನೆ. ಅಣ್ಣಾ, ನಿಮ್ಮ ಲಕ್ಷಣ ನೋಡಿದರೆ ಕ್ರ್ಯಾಂಕ್ ಸೆನ್ಸರ್. ಹತ್ತರಲ್ಲಿ ಆರು ಗಾಡಿ ಇದೇ. ಸೆನ್ಸರ್ ಒಳಗೆ ಕೂದಲೆಳೆ ಥರ ತಾಮ್ರದ ತಂತಿ ಸುತ್ತಿರುತ್ತದೆ. ಬಿಸಿಯಾದಾಗ ಹಿಗ್ಗಿ ಒಳಗೇ ಬಿಟ್ಟುಕೊಳ್ಳುತ್ತದೆ, ತಣ್ಣಗಾದ ಮೇಲೆ ಮತ್ತೆ ಕೂಡಿಕೊಳ್ಳುತ್ತದೆ. ಸಿಗ್ನಲ್ ಇಲ್ಲದಿದ್ದರೆ ಇಸಿಎಂಗೆ ಎಂಜಿನ್ ತಿರುಗುತ್ತಿದೆ ಅಂತಲೇ ಗೊತ್ತಾಗಲ್ಲ. ಸ್ಪಾರ್ಕೂ ಕೊಡಲ್ಲ, ಪೆಟ್ರೋಲೂ ಕೊಡಲ್ಲ.

ಮುಂದಿನ ಸಲ ಆಫ್ ಆದಾಗ ಸೆಲ್ಫ್ ಹೊಡೆಯುತ್ತಾ ಆರ್‌ಪಿಎಂ ಮುಳ್ಳು ನೋಡಿ. ಸೆಲ್ಫ್ ತಿರುಗುವಾಗ ಮುಳ್ಳು ಸ್ವಲ್ಪ ಅಲ್ಲಾಡಬೇಕು. ಸತ್ತ ಹಾಗೆ ಮಲಗಿದ್ದರೆ ಸೆನ್ಸರ್ ಮೇಲೆ ಅನುಮಾನ. ಸೆನ್ಸರ್ ಮೇಲೆ ತಣ್ಣೀರು ಹಾಕಿದ ತಕ್ಷಣ ಸ್ಟಾರ್ಟ್ ಆದರೆ ಮತ್ತೆ ಯೋಚನೆ ಮಾಡೋದೇ ಬೇಡ.

ಇಸಿಎಂಗೆ ಮಾತ್ರ ಈಗಲೇ ಕೈ ಹಾಕಬೇಡಿ. ಇಮೊಬಿಲೈಸರ್ (ಬೇರೆ ಕೀ ಹಾಕಿದರೆ ಸ್ಟಾರ್ಟ್ ಆಗದ ಹಾಗೆ ತಡೆಯೋದು) ಇರುವ ಗಾಡಿಗೆ ಬೇರೆ ಗಾಡಿಯ ಇಸಿಎಂ ಸುಮ್ನೆ ತಂದು ಸಿಕ್ಕಿಸಿದರೆ ಸ್ಟಾರ್ಟೇ ಆಗಲ್ಲ. ಕೀ ಜೊತೆ ಜೋಡಿಸಬೇಕು.

ಧಾರವಾಡ_ಫೇಡೆ

ಸಾಹೇಬ್ರ, ಸ್ಕ್ಯಾನರ್ ಹಚ್ಚಿ ನೋಡ್ರಿ. 600 ರೂಪಾಯಿಗೆ ಬ್ಲೂಟೂತ್ ಸಿಗತದ. ಫೋನಿನಾಗ ಕೋಡ್ ಬರತದ, ಪಿ0335 ಬಂದರ ಕ್ರ್ಯಾಂಕ್ ಸೆನ್ಸರ್. ಸುಮ್ನ ಯಾಕ ಊಹಾಪೋಹ?

ಟಾರ್ಕ್_ತಿಮ್ಮ

2004ರ ಗಾಡಿಗೆ ಅದು ಮಾತಾಡುತ್ತೆ ಅಂತ ಗ್ಯಾರಂಟಿ ಇಲ್ಲ. ಗಾಡಿಯೇ ತನ್ನ ದೋಷ ಹಿಡಿದು ಕೋಡ್ ಕೊಡುವ ವ್ಯವಸ್ಥೆಗೆ ಒಬಿಡಿ ಅಂತಾರೆ. ನಮ್ಮ ದೇಶದಲ್ಲಿ ಒಬಿಡಿ-1 ಕಡ್ಡಾಯ ಆದದ್ದೇ 2010ರ ಏಪ್ರಿಲ್‌ನಿಂದ, ಒಬಿಡಿ-2 2013ರ ಏಪ್ರಿಲ್‌ನಿಂದ. ಅದಕ್ಕೆ ಮುಂಚಿನ ಗಾಡಿಗಳಲ್ಲಿ ಒಬ್ಬೊಬ್ಬರದು ಒಂದೊಂದು ಭಾಷೆ. ಪ್ಲಗ್ ಆಕಾರ ಅದೇ ಇದ್ದರೂ ಒಳಗೆ ಬೇರೆ. ನಾನೂ ಒಂದು ತಂದು ಈಗ ಮಗ ಅದನ್ನ ಆಟದ ಸಾಮಾನು ಮಾಡಿಕೊಂಡಿದ್ದಾನೆ.

ಹಳೆಗಾಡಿ_ಶಿವಮೊಗ್ಗ

ಗ್ಯಾರೇಜಿನವರ ದೊಡ್ಡ ಸ್ಕ್ಯಾನರ್ ಹಾಕಿಸಿದೆ. ಕೋಡ್ ಒಂದೂ ಇಲ್ಲ. ಪೂರ್ತಿ ಕ್ಲೀನ್.

ಮಲೆನಾಡ_ಜೀರುಂಡೆ

ಬಾನೆಟ್ ತೆಗೆದು ಇಲಿ ಕಡಿದಿದೆಯಾ ನೋಡಿ ಮೊದಲು. ತೀರ್ಥಹಳ್ಳಿಯಲ್ಲಿ ನಮ್ಮ ಮನೆ ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದ ಕಾರಿಗೆ ಹೀಗೇ ಆಗಿತ್ತು. ಎರಡು ವೈರ್ ಮೇಲಿನ ಪ್ಲಾಸ್ಟಿಕ್ ತಿಂದು ತಾಮ್ರ ಹಾಗೇ ಬಿಟ್ಟಿತ್ತು. ಅಲ್ಲಾಡಿದಾಗ ಒಂದಕ್ಕೊಂದು ತಾಗಿ ಆಫ್. ಈಗ ಹೊಗೆಸೊಪ್ಪಿನ ಕಟ್ಟು ಬಟ್ಟೆಯಲ್ಲಿ ಕಟ್ಟಿ ಬ್ಯಾಟರಿ ಪಕ್ಕ ಇಟ್ಟಿದ್ದೇನೆ. ತಿಂಗಳಿಗೊಮ್ಮೆ ಬದಲಾಯಿಸಬೇಕು.

ಬೆಣ್ಣೆದೋಸೆ_ದಾವಣಗೆರೆ

ನಮ್ಮ ಮಾವ ಅದೇ ಕಟ್ಟಿಂದ ಎಲೆ ಅಡಿಕೆಗೆ ಕಿತ್ತುಕೊಳ್ಳುತ್ತಿದ್ದರು. ಇಲಿ ಬರಲಿಲ್ಲ, ಆದರೆ ಹೊಗೆಸೊಪ್ಪೂ ಉಳಿಯಲಿಲ್ಲ.

ವೈರಿಂಗ್_ಅಕ್ಕ (ಸೋಮವಾರ ಬೆಳಿಗ್ಗೆ 6:15)

ಐಟಿಐನಲ್ಲಿ ಆಟೋ ಎಲೆಕ್ಟ್ರಿಕಲ್ ಕಲಿಸುತ್ತಿದ್ದೆ, ಈಗ ರಿಟೈರ್ಡ್. ಒಂದು ಮಾತು ಹೇಳಲಾ? ಇಲ್ಲಿವರೆಗೆ ಎಲ್ಲರೂ ಔಷಧಿ ಹೇಳಿದ್ದೀರಿ. ಗಾಡಿ ಹೇಗೆ ಸತ್ತಿತು ಅಂತ ಒಬ್ಬರೂ ಕೇಳಿಲ್ಲ.

ನೀವು ಹೇಳಿದ್ದರಲ್ಲಿ ನನಗೆ ಎರಡು ರೋಗ ಕಾಣುತ್ತಿದೆ, ಒಂದಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಆಫ್ ಆಗೋದು ಬೇರೆ. 60ರಲ್ಲಿ ಹೋಗುವಾಗ ಆಫ್ ಆಗೋದು ಬೇರೆ. ಎರಡನ್ನೂ ಒಂದೇ ಚೀಲಕ್ಕೆ ಹಾಕಿದ್ದಕ್ಕೇ ನಿಮ್ಮ 9,120 ಹೋಗಿದ್ದು.

ಸಿಗ್ನಲ್‌ನಲ್ಲಿ ಆಫ್ ಆಗುವಾಗ ಗಮನಿಸಿ: ಎಸಿ ಆನ್ ಇತ್ತಾ? ಆರ್‌ಪಿಎಂ 800ರಿಂದ 500ಕ್ಕೆ ಇಳಿದು, ನಡುಗಿ, ಆಮೇಲೆ ನಿಂತಿತಾ? ತಕ್ಷಣ ಮತ್ತೆ ಸ್ಟಾರ್ಟ್ ಆಯ್ತಾ? ಹಾಗಿದ್ದರೆ ಅದು ಉಸಿರುಗಟ್ಟಿ ಸಾಯೋದು. ಎಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ, ಅಂದರೆ ಥ್ರಾಟಲ್ ಬಾಡಿಯಲ್ಲಿ, ಐಡಲ್ ಏರ್ ವಾಲ್ವ್‌ನಲ್ಲಿ ಮಸಿ ಕಟ್ಟಿರುತ್ತದೆ.

ಓಡುವಾಗ ಆಫ್ ಆಗೋದರಲ್ಲಿ ಹೀಗೆ ನೋಡಿ. ಪೆಟ್ರೋಲ್ ಸಾಲದೆ ನಿಲ್ಲುವ ಗಾಡಿ ಸಾಮಾನ್ಯವಾಗಿ ಮೊದಲು ಜಗ್ಗುತ್ತದೆ, ಎಳೆಯಲ್ಲ, ತಡವರಿಸಿ ನಿಲ್ಲುತ್ತದೆ. ಕರೆಂಟ್ ಹೋದ ಗಾಡಿ ಕೀ ತಿರುಗಿಸಿ ಆಫ್ ಮಾಡಿದ ಹಾಗೆ ಟಪ್ ಅಂತ ನಿಲ್ಲುತ್ತದೆ. ನಿಮ್ಮದು ಎರಡನೇ ಥರ ಅನ್ನಿಸುತ್ತದೆ.

ಈಗ ನನ್ನ ಪ್ರಶ್ನೆ. ಆಫ್ ಆದ ಮೇಲೆ ಕೀ ಒಮ್ಮೆ ಹಿಂದೆ ತಂದು ಮತ್ತೆ ಆನ್ ಮಾಡಿದಾಗ, ಸೆಲ್ಫ್ ಹೊಡೆಯುವ ಮುಂಚೆ, ಚೆಕ್ ಎಂಜಿನ್ ದೀಪ ಹತ್ತಿತ್ತಾ? ಹಿಂದಿನ ಸೀಟಿನ ಕಡೆಯಿಂದ ಪಂಪಿನ ಸದ್ದು ಒಂದೆರಡು ಸೆಕೆಂಡ್ ಝುಂ ಅಂತ ಬಂತಾ?

ಹಳೆಗಾಡಿ_ಶಿವಮೊಗ್ಗ

ಮೇಡಂ, ನಿಜ ಹೇಳಬೇಕೆಂದರೆ ಆವಾಗ ನಾನು ನೋಡಿದ್ದು ಮಾವನ ಮುಖ ಮಾತ್ರ.

ಸಿಗ್ನಲ್ ವಿಷಯದಲ್ಲಿ ಎಸಿ ಆನ್ ಇತ್ತು. ನಡುಗಿ ನಿಲ್ಲೋದು ಹೌದು. ಓಡುವಾಗ ಟಪ್ ಅಂತ. ಎರಡು ಬೇರೆ ಅಂತ ನನಗೆ ಹೊಳೆದೇ ಇರಲಿಲ್ಲ.

ವೈರಿಂಗ್_ಅಕ್ಕ

ಪರವಾಗಿಲ್ಲ. ಮುಂದಿನ ಸಲಕ್ಕೆ ಪಕ್ಕದಲ್ಲಿ ಯಾರಾದರೂ ಕೂತು ಡ್ಯಾಶ್‌ಬೋರ್ಡ್ ವಿಡಿಯೋ ಮಾಡಲಿ. ದೀಪ ಹೀಗೆ ಓದಿ:

ಡ್ಯಾಶ್‌ಬೋರ್ಡ್‌ನ ಎಲ್ಲಾ ದೀಪ ಸತ್ತರೆ ಇಗ್ನಿಷನ್ ಸ್ವಿಚ್ಚೋ, ಬ್ಯಾಟರಿ ಟರ್ಮಿನಲ್ಲೋ. ಆಯಿಲ್, ಬ್ಯಾಟರಿ ದೀಪ ಹತ್ತಿ ಚೆಕ್ ಎಂಜಿನ್ ದೀಪ ಮಾತ್ರ ಹತ್ತದಿದ್ದರೆ ಇಸಿಎಂಗೆ ಕರೆಂಟೇ ಹೋಗುತ್ತಿಲ್ಲ ಅಂತ ಅನುಮಾನ ಪಡಿ. ಆ ದೀಪಕ್ಕೆ ಗ್ರೌಂಡ್ ಕೊಡೋದೇ ಇಸಿಎಂ. ಎಲ್ಲಾ ದೀಪ ಸರಿಯಾಗಿ ಹತ್ತಿ ಪಂಪೂ ಸದ್ದು ಮಾಡಿದರೆ ಆಗ ಸಿದ್ದ ಅವರು ಹೇಳಿದ ಕ್ರ್ಯಾಂಕ್ ಸೆನ್ಸರ್ ಕಡೆ ಹೋಗೋಣ.

ಸ್ಪ್ಯಾನರ್_ಸಿದ್ದ

ಅಕ್ಕಾ, ಒಂದು ತಿದ್ದುಪಡಿ. ಆ ಬಲ್ಬೇ ಇರಲ್ಲ ಎಷ್ಟೋ ಗಾಡಿಗಳಲ್ಲಿ. ಸೆಕೆಂಡ್ ಹ್ಯಾಂಡ್ ಮಾರುವಾಗ ಕಿತ್ತು ಹಾಕಿರುತ್ತಾರೆ. ಮೊದಲು ಗಾಡಿ ಚೆನ್ನಾಗಿರುವಾಗ ದೀಪ ಹತ್ತುತ್ತಾ ನೋಡಿಕೊಳ್ಳಲಿ.

ವೈರಿಂಗ್_ಅಕ್ಕ

ಸರಿಯಾದ ಮಾತು. ಅದನ್ನ ನಾನೇ ಮೊದಲು ಹೇಳಬೇಕಿತ್ತು.

ಹಳೆಗಾಡಿ_ಶಿವಮೊಗ್ಗ

ಈಗಷ್ಟೇ ಹೋಗಿ ನೋಡಿದೆ. ಕೀ ಆನ್ ಮಾಡಿದರೆ ಹಳದಿ ದೀಪ ಹತ್ತುತ್ತದೆ, ಸ್ಟಾರ್ಟ್ ಆದ ಮೇಲೆ ಆರುತ್ತದೆ. ಪಂಪ್ ಸದ್ದೂ ಇದೆ. ಅಂದರೆ ಈಗ ಗಾಡಿ ಕೈಕೊಡಲಿ ಅಂತ ಕಾಯಬೇಕು. ಎಂಥ ಕಾಲ ಬಂತು.

ಮಿಡಲ್_ಬರ್ತ್

ಈ ಗ್ಯಾರೇಜಿನವರೇ ಹೀಗೆ. ಗೊತ್ತಿಲ್ಲ ಅಂತ ಹೇಳಲ್ಲ, ಒಂದೊಂದೇ ಪಾರ್ಟ್ ಬದಲಾಯಿಸ್ತಾ ಹೋಗ್ತಾರೆ. ನಮ್ಮ ದುಡ್ಡಲ್ಲಿ ಅವರ ಕಲಿಕೆ.

ಸ್ಪ್ಯಾನರ್_ಸಿದ್ದ

ಇದಕ್ಕೆ ಉತ್ತರ ಕೊಡಲೇಬೇಕು. ಇವತ್ತು ನನ್ನ ಶೆಡ್‌ನಲ್ಲಿ ಇಂಥದ್ದೇ ಒಂದು ಗಾಡಿ ನಿಂತಿದೆ. ನಾಲ್ಕು ದಿನದಿಂದ ಓಡಿಸಿದೆ, 70 ಕಿ.ಮೀ. ಆಯ್ತು. ಒಂದು ಸಲವೂ ಆಫ್ ಆಗಲಿಲ್ಲ. ಅವರಿಗೆ ಕೊಟ್ಟರೆ ಮನೆ ಮುಟ್ಟುವ ಮುಂಚೆ ಆಫ್ ಆಗುತ್ತದೆ. ನೋಡಿದ್ದಕ್ಕೆ 300 ಕೊಡಿ ಅಂದರೆ "ಏನು ಮಾಡಿದ್ದೀಯ ಅಂತ 300?" ಅನ್ನುತ್ತಾರೆ. ಅದೇ ಒಂದು ಪಾರ್ಟ್ ಹಾಕಿ 3,000 ಬಿಲ್ ಮಾಡಿದರೆ ಮಾತಾಡದೆ ಕೊಡುತ್ತಾರೆ. ತಲೆ ಓಡಿಸಿದ್ದಕ್ಕೆ ದುಡ್ಡು ಕೊಡದ ಊರಲ್ಲಿ ಪಾರ್ಟ್ ಬದಲಾಯಿಸೋರೇ ಸಿಗೋದು. ಕೋಪ ಬೇಡ, ಇದ್ದದ್ದು ಹೇಳಿದೆ.

ಮಿಡಲ್_ಬರ್ತ್

ಒಪ್ಪಿದೆ. ಆದರೆ ಹಾಕಿದ ಪಾರ್ಟ್ ತಪ್ಪು ಅಂತ ಗೊತ್ತಾದ ಮೇಲೆ ವಾಪಸ್ ತಗೊಳ್ತೀರಾ?

ಸ್ಪ್ಯಾನರ್_ಸಿದ್ದ

ಎಲೆಕ್ಟ್ರಿಕಲ್ ಐಟಂ ನನ್ನ ಹತ್ತಿರ ಅಂಗಡಿಯವನೇ ವಾಪಸ್ ತಗೊಳ್ಳಲ್ಲ ಗುರೂ.

ಡೆಟ್ರಾಯ್ಟ್_ಕನ್ನಡಿಗ

ಕೀ ಗೊಂಚಲು ಎಷ್ಟು ಭಾರ ಇದೆ ನೋಡಿಕೊಳ್ಳಿ. ತಮಾಷೆ ಅಲ್ಲ. ಇಲ್ಲಿ ಅಮೆರಿಕದಲ್ಲಿ 2014ರಲ್ಲಿ ಜನರಲ್ ಮೋಟಾರ್ಸ್ ಇಗ್ನಿಷನ್ ಸ್ವಿಚ್ಚಿಗಾಗಿಯೇ ಲಕ್ಷಗಟ್ಟಲೆ ಗಾಡಿ ವಾಪಸ್ ಕರೆಸಿತು. ಗೊಂಚಲು ಭಾರ ಇದ್ದರೆ, ಇಲ್ಲಾ ಗುಂಡಿಗೆ ಇಳಿದರೆ, ಕೀ ತಾನಾಗಿ ಹಿಂದಕ್ಕೆ ಜಾರಿ ಎಂಜಿನ್ ಆಫ್. ಪವರ್ ಸ್ಟೀರಿಂಗ್ ಇಲ್ಲ, ಏರ್‌ಬ್ಯಾಗೂ ಕೆಲಸ ಮಾಡಲ್ಲ. ಪರಿಹಾರ ನಿಧಿಯ ಲೆಕ್ಕದಲ್ಲೇ 124 ಸಾವು. ನೀವು ಹಂಪ್ ಅಂದಿದ್ದಕ್ಕೆ ನೆನಪಾಯ್ತು.

ಬೆಣ್ಣೆದೋಸೆ_ದಾವಣಗೆರೆ

ನಮ್ಮಪ್ಪನ ಗೊಂಚಲಲ್ಲಿ ಮನೆ, ಗೋಡೌನ್, ಬೀರು, ಸ್ಕೂಟರ್, ಪಂಪ್‌ಹೌಸ್, ಮೇಲೆ ಒಂದು ಹಿತ್ತಾಳೆ ಗಣಪತಿ. ಕಾರಿನ ಕೀ ಹುಡುಕೋಕೇ ಐದು ನಿಮಿಷ.

ಘಾಟಿ_ರಸ್ತೆ

ಇಷ್ಟೊತ್ತು ಓದಿದೆ. ಯಾರೂ ಮುಖ್ಯ ವಿಷಯ ಹೇಳಲಿಲ್ಲ. ಓಡುವಾಗ ಆಫ್ ಆದರೆ ಏನು ಮಾಡಬೇಕು ಅಂತ. ನಾನು ಚಾರ್ಮಾಡಿ, ಶಿರಾಡಿಯಲ್ಲಿ ಟ್ಯಾಕ್ಸಿ ಓಡಿಸಿದವನು.

ಎಂಜಿನ್ ನಿಂತ ಮೇಲೂ ಎರಡು ಮೂರು ಸಲಕ್ಕೆ ಆಗುವಷ್ಟು ಬ್ರೇಕ್ ಮೆತ್ತಗಿರುತ್ತದೆ, ಬ್ರೇಕಿಗೆ ಬಲ ಕೊಡುವ ಬೂಸ್ಟರ್‌ನಲ್ಲಿ ವ್ಯಾಕ್ಯೂಮ್ ಉಳಿದಿರುತ್ತದೆ. ಗಾಬರಿಯಾಗಿ ಪಂಪ್ ಮಾಡಿ ಅದನ್ನ ಖಾಲಿ ಮಾಡಬೇಡಿ. ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಆಮೇಲೆ ಬ್ರೇಕ್ ಕಲ್ಲಿನ ಹಾಗೆ ಆಗುತ್ತದೆ, ಆದರೂ ಹಿಡಿಯುತ್ತದೆ, ಕಾಲಿನ ಬಲ ಬೇಕು. ಸ್ಟೀರಿಂಗ್ ಭಾರ ಆಗುತ್ತದೆ, ಎರಡೂ ಕೈಯಲ್ಲಿ ಎಳೆಯಿರಿ. ಕೀಯನ್ನು ಮಾತ್ರ ಗಾಡಿ ಪೂರ್ತಿ ನಿಲ್ಲುವ ತನಕ ಹೊರಗೆ ಎಳೆಯಬೇಡಿ, ಸ್ಟೀರಿಂಗ್ ಲಾಕ್ ಆಗುತ್ತದೆ. ಇಂಡಿಕೇಟರ್ ಹಾಕಿ ಎಡಕ್ಕೆ ಬನ್ನಿ.

ಇನ್ನೊಂದು. ಪೆಟ್ರೋಲ್ ಉಳಿಸೋಕೆ ಅಂತ ಘಾಟಿಯಲ್ಲಿ ನ್ಯೂಟ್ರಲ್ ಹಾಕಿ ಇಳಿಯುವ ಬುದ್ಧಿವಂತರಿದ್ದಾರೆ. ಎಂಪಿಎಫ್ಐ ಗಾಡಿಯಲ್ಲಿ ಗೇರಲ್ಲಿದ್ದು ಎಕ್ಸಿಲರೇಟರ್ ಬಿಟ್ಟರೆ ಇಂಜೆಕ್ಟರ್ ಪೆಟ್ರೋಲ್ ಹಾಕೋದೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಐಡಲ್‌ಗೆ ಪೆಟ್ರೋಲ್ ಬೇಕು. ಉಳಿಯೋದೂ ಇಲ್ಲ, ಬ್ರೇಕೂ ಕಾಯುತ್ತದೆ.

ಕುಂದಾಪ್ರ_ಕಡಲು

ಇದು ನನಗೆ ಗೊತ್ತಿರಲಿಲ್ಲ ಮಾರಾಯ್ರೆ. 22 ವರ್ಷದಿಂದ ನ್ಯೂಟ್ರಲ್ ಹಾಕಿ ಇಳಿಯುತ್ತಿದ್ದೇನೆ.

ಘಾಟಿ_ರಸ್ತೆ

ನಿಮ್ಮ ಹಿಂದೆ ಬರೋಕೆ ನನಗೆ ಭಯ.

ಆರ್‌ಸಿ_ರಾಯರು

ಗಾಡಿ 15 ವರ್ಷ ದಾಟಿದೆ ಅಲ್ವಾ, ಆರ್‌ಸಿ ರಿನ್ಯೂ ಮಾಡಿಸಿದ್ದೀರಾ? 2022ರ ಏಪ್ರಿಲ್‌ನಲ್ಲಿ ಕಾರಿಗೆ ಫೀ 600 ಇದ್ದದ್ದು 5,000 ಮಾಡಿದ್ದರು.

ಹಳೆಗಾಡಿ_ಶಿವಮೊಗ್ಗ

ಎಲ್ಲಾ ಆಗಿದೆ ಸಾರ್. ದಾಖಲೆ ಗಟ್ಟಿ ಇದೆ, ಗಾಡಿ ಮಾತ್ರ ನಿಲ್ಲುತ್ತಿದೆ.

ನಿತ್ಯ_ಪ್ರಯಾಣಿಕ

ಅಪ್ಪನ ಹತ್ತಿರ 1986ರ ಕಾರ್ಬುರೇಟರ್ ಕಾರಿತ್ತು. ಬೇಸಿಗೆಯಲ್ಲಿ ಟ್ರಾಫಿಕ್‌ನಲ್ಲಿ ನಿಂತರೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಪಂಪ್ ಎಳೆಯುತ್ತಿರಲಿಲ್ಲ. ಅಮ್ಮನ ಹತ್ತಿರ ಸದಾ ಒಂದು ಬಾಟಲಿ ನೀರು, ಒಂದು ಹಳೆ ಬನಿಯನ್ ಇರುತ್ತಿತ್ತು. ಬನಿಯನ್ ಒದ್ದೆ ಮಾಡಿ ಪಂಪಿನ ಮೇಲೆ ಹಾಕಿದರೆ ಹತ್ತು ನಿಮಿಷಕ್ಕೆ ಸರಿ. ನನ್ನ ಕೆಲಸ ಬನಿಯನ್ ಹಿಂಡೋದು. ಈಗಿನ ಗಾಡಿಗೆ ಎಲ್ಲಿ ಒದ್ದೆ ಬಟ್ಟೆ ಹಾಕೋದು ಅಂತಲೇ ತಿಳಿಯಲ್ಲ.

ಟಾರ್ಕ್_ತಿಮ್ಮ

ಪಂಪು ಟ್ಯಾಂಕಿನೊಳಗೆ ಹೋದ ಮೇಲೆ ಆ ಕಾಟ ಮುಗಿಯಿತು. ಪೈಪಿನಲ್ಲಿ ಸುಮಾರು 3 ಬಾರ್ ಒತ್ತಡ ಇರುತ್ತದೆ, ಅಷ್ಟು ಸುಲಭಕ್ಕೆ ಆವಿಯಾಗಲ್ಲ. ಈಗಿನ ಕಾಟ ಬೇರೆ. ಗ್ಯಾಸ್ ಕಿಟ್ ಹಾಕಿಸಿಕೊಂಡವರು ಟ್ಯಾಂಕಿನಲ್ಲಿ ಪೆಟ್ರೋಲ್ ಇಡಲ್ಲ. ಪಂಪಿಗೆ ತಂಪು ಪೆಟ್ರೋಲಿಂದಲೇ. ಅದು ಒಣಗಿ ಸುಟ್ಟುಹೋಗುತ್ತದೆ.

ಹಳೆಗಾಡಿ_ಶಿವಮೊಗ್ಗ (ಶನಿವಾರ ಸಂಜೆ 6:50)

ಸಿಕ್ಕಿತು! ಸಿಕ್ಕಿತು ಅಂದರೆ ಗಾಡಿ ಆಫ್ ಆಯ್ತು. ಇಷ್ಟು ಖುಷಿ ಯಾವತ್ತೂ ಆಗಿರಲಿಲ್ಲ.

ಬೇಕಂತಲೇ ಮಧ್ಯಾಹ್ನ ಪೂರ್ತಿ ಗಾಜು ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ್ದೆ. ಆಮೇಲೆ ಮಗಳನ್ನ ಪಕ್ಕದಲ್ಲಿ ಕೂರಿಸಿಕೊಂಡು ತೀರ್ಥಹಳ್ಳಿ ರಸ್ತೆಗೆ ಹೋದೆ. ಅವಳು ಏಳನೇ ಕ್ಲಾಸು, ಕೈಯಲ್ಲಿ ಫೋನು. ಗಾಜನೂರು ದಾಟಿದ ಮೇಲೆ ಒಂದು ಗುಂಡಿ. ಆಫ್. ಅವಳು ವಿಡಿಯೋದಲ್ಲಿ "ಅಪ್ಪಾ ಹೋಯ್ತು, ಅಪ್ಪಾ ಹೋಯ್ತು" ಅಂತ ಚಪ್ಪಾಳೆ ಹೊಡೆಯುವ ಹಾಗೆ ಕೂಗಿದ್ದಾಳೆ.

ಮನೆಗೆ ಬಂದು ನಿಧಾನವಾಗಿ ಓಡಿಸಿ ನೋಡಿದೆವು. ಸ್ಪೀಡ್ 55. ಆರ್‌ಪಿಎಂ ಮುಳ್ಳು 2,200ರಲ್ಲಿದೆ. ಗುಂಡಿಗೆ ಚಿತ್ರ ಅಲ್ಲಾಡುತ್ತದೆ. ಮುಂದಿನ ಚಿತ್ರದಲ್ಲಿ ಮುಳ್ಳು ಸೊನ್ನೆಗೆ ಬಿದ್ದಿದೆ, ಸ್ಪೀಡ್ ಇನ್ನೂ 55ರಲ್ಲೇ ಇದೆ. ಕ್ಲಚ್ ಒತ್ತಿದ ಮೇಲೆ ಬ್ಯಾಟರಿ ದೀಪ, ಆಯಿಲ್ ದೀಪ ಕೆಂಪಗೆ ಹತ್ತಿದವು. ಪಕ್ಕಕ್ಕೆ ನಿಲ್ಲಿಸಿ ಕೀ ಆಫ್ ಮಾಡಿ ಆನ್ ಮಾಡಿದೆ. ಎರಡು ಕೆಂಪು ದೀಪ ಇವೆ. ಹಳದಿ ದೀಪದ ಜಾಗ ಕತ್ತಲು. ಪಂಪಿನ ಸದ್ದಿಲ್ಲ. ವಿಡಿಯೋದಲ್ಲಿ ಹೊರಗಿನ ಕಾಗೆ ಕೂಗೋದು ಕೇಳುತ್ತದೆ, ಪಂಪು ಮಾತ್ರ ಕೇಳಲ್ಲ.

12 ನಿಮಿಷ ಆದ ಮೇಲೆ ಕೀ ಆನ್ ಮಾಡಿದೆ. ಡ್ಯಾಶ್‌ಬೋರ್ಡ್ ಒಳಗಿಂದ ಟಿಕ್ ಅಂತ ಸಣ್ಣ ಸದ್ದು, ಹಳದಿ ದೀಪ ಹತ್ತಿತು, ಪಂಪು ಝುಂ. ಸ್ಟಾರ್ಟ್.

ವೈರಿಂಗ್_ಅಕ್ಕ

ಮಗಳಿಗೆ ಒಂದು ಚಾಕೊಲೇಟ್ ಕೊಡಿಸಿ, ನನ್ನ ಲೆಕ್ಕದಲ್ಲಿ.

ಆ ಟಿಕ್ ಸದ್ದೇ ಉತ್ತರ. ಅದು ಮೇನ್ ರಿಲೇ, ಅಂದರೆ ಕರೆಂಟಿನಿಂದಲೇ ಆನ್ ಆಫ್ ಆಗುವ ಸ್ವಿಚ್. ಇಸಿಎಂಗೂ ಪಂಪಿನ ಸರ್ಕ್ಯೂಟಿಗೂ ಕರೆಂಟ್ ಬರೋದು ಅದರಿಂದ. ಅದು ಬಿಟ್ಟುಕೊಂಡರೆ ಇಸಿಎಂ ಸತ್ತ ಹಾಗೆ, ಸತ್ತವರು ಕೋಡ್ ಬರೆದಿಡಲ್ಲ. ಸ್ಕ್ಯಾನರ್ ಕ್ಲೀನ್ ತೋರಿಸಿದ್ದು ಅದಕ್ಕೇ. ರಿಲೇ ಡ್ಯಾಶ್‌ಬೋರ್ಡ್ ಕೆಳಗೆ ಇರುವ ಗಾಡಿಗಳಲ್ಲಿ, ಕಾರು ಬಿಸಿಲಲ್ಲಿ ನಿಂತರೆ ಒಳಗಿನ ಶಾಖಕ್ಕೆ ಬೆಸುಗೆ ಬಿಡುತ್ತದೆ, ಗುಂಡಿ ಹಂಪ್‌ಗೆ ಪೂರ್ತಿ ಕಳಚುತ್ತದೆ. ಆಗುಂಬೆ ಹತ್ತುವಾಗ ಸಂಜೆಯಾಗಿ ತಂಪಿತ್ತು.

ಟಾರ್ಕ್_ತಿಮ್ಮ

ಮೇಡಂ, ರಿಲೇನೇ ಅಂತ ಹೇಗೆ ಹೇಳ್ತೀರಿ? ಇಸಿಎಂ ಗ್ರೌಂಡ್ ವೈರ್ ಲೂಸ್ ಇದ್ದರೂ ಇದೇ ಲಕ್ಷಣ ಬರಬಹುದು. ಫ್ಯೂಸ್ ಕಾಲು ಲೂಸ್ ಇದ್ದರೂ.

ವೈರಿಂಗ್_ಅಕ್ಕ

ಬರಬಹುದು, ಸರಿಯಾಗೇ ಕೇಳಿದಿರಿ. ಅದಕ್ಕೇ ಹೊಸ ರಿಲೇ ಈಗಲೇ ತರಬೇಡಿ. ಗಾಡಿ ಐಡಲ್‌ನಲ್ಲಿ ಬಿಟ್ಟು, ಸ್ಕ್ರೂಡ್ರೈವರ್ ಹಿಡಿಕೆಯಿಂದ ಮೊದಲು ಫ್ಯೂಸ್ ಬಾಕ್ಸ್ ತಟ್ಟಿ. ಆಮೇಲೆ ಗ್ರೌಂಡ್ ವೈರ್ ಅಲ್ಲಾಡಿಸಿ. ಕೊನೆಗೆ ರಿಲೇ ತಟ್ಟಿ. ಯಾವುದಕ್ಕೆ ಆಫ್ ಆಗುತ್ತೋ ಅದು ಕಳ್ಳ.

ಹಳೆಗಾಡಿ_ಶಿವಮೊಗ್ಗ (ಭಾನುವಾರ ಮಧ್ಯಾಹ್ನ 1:20)

ಫ್ಯೂಸ್ ಬಾಕ್ಸ್: ಏನೂ ಇಲ್ಲ. ಗ್ರೌಂಡ್: ಏನೂ ಇಲ್ಲ, ಆದರೂ ಉಪ್ಪುಕಾಗದ ಹಾಕಿ ಉಜ್ಜಿದೆ. ಡ್ರೈವರ್ ಕಾಲಿನ ಮೇಲ್ಗಡೆ ಒಂದು ಕಂದು ಡಬ್ಬಿ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ತಲೆ ಕೆಳಗೆ ಕಾಲು ಮೇಲೆ ಮಾಡಿ ಮಲಗಿ ಅದನ್ನ ತಟ್ಟಿದೆ. ಎಂಜಿನ್ ಆಫ್. ಮತ್ತೆ ಸ್ಟಾರ್ಟ್ ಮಾಡಿ ತಟ್ಟಿದೆ. ಆಫ್. ಮೂರನೇ ಸಲ ಹೆಂಡತಿ ಬಂದು "ಇದ್ದ ಗಾಡಿ ಯಾಕೆ ಕೆಡಿಸ್ತಿದ್ದೀರಿ?" ಅಂದಳು.

ಕಿತ್ತು ಪ್ಲಾಸ್ಟಿಕ್ ಮುಚ್ಚಳ ಚಾಕುವಿನಿಂದ ಎಬ್ಬಿಸಿದೆ. ಹಸಿರು ಬೋರ್ಡಿನ ಮೇಲೆ ಎಂಟು ಬೆಸುಗೆ ಚುಕ್ಕೆ. ಬರಿಗಣ್ಣಿಗೆ ಎಲ್ಲಾ ಚೆನ್ನಾಗಿವೆ. ಮಾವನ ಪಂಚಾಂಗ ಓದುವ ಭೂತಗನ್ನಡಿ ಇಟ್ಟು ನೋಡಿದೆ. ದಪ್ಪ ಕಾಲೊಂದರ ಸುತ್ತ ಕೂದಲಿನಷ್ಟು ಕಪ್ಪು ಉಂಗುರ. ಉಗುರಿನಿಂದ ಒತ್ತಿದರೆ ಕಾಲು ಅಲ್ಲಾಡುತ್ತದೆ, ಬೆಸುಗೆ ಅಲ್ಲಾಡಲ್ಲ. ಭೂತಗನ್ನಡಿ ಮಾವನ ಕೈಗೆ ಕೊಟ್ಟೆ. ಅವರು ತುಂಬಾ ಹೊತ್ತು ನೋಡಿ, "ಇಷ್ಟಕ್ಕಾ?" ಅಂದರು. ಹೆಬ್ರಿಯಿಂದ ಇಲ್ಲಿವರೆಗೆ ಕಾರಿನ ಬಗ್ಗೆ ಅವರ ಮೊದಲ ಮಾತು.

ಸ್ಪ್ಯಾನರ್_ಸಿದ್ದ

ಸೋತೆ ಅಣ್ಣಾ. ನಾನಾಗಿದ್ದರೆ ಕ್ರ್ಯಾಂಕ್ ಸೆನ್ಸರ್ ಹಾಕಿ 1,800 ಬಿಲ್ ಮಾಡಿರುತ್ತಿದ್ದೆ. ಇಂಥವು ನಮ್ಮ ಕಣ್ಣಿಗೆ ಬೀಳಲ್ಲ. ನನ್ನ ಶೆಡ್‌ನಲ್ಲಿರುವ ಗಾಡಿಗೆ ಈಗಲೇ ಹೋಗಿ ತಟ್ಟುತ್ತೇನೆ.

ಮಿಡಲ್_ಬರ್ತ್

ಒಪ್ಪಿಕೊಂಡಿರಲ್ಲ, ದೊಡ್ಡದು. ನಿಮ್ಮ ಗ್ಯಾರೇಜ್ ಎಲ್ಲಿ ಸಾರ್? 300 ಕೊಡ್ತೀನಿ.

ಧಾರವಾಡ_ಫೇಡೆ

ಬೆಸುಗೆ ಹಾಕಿಸತೀರೋ ಹೊಸಾದ ತರತೀರೋ? ನಾ ಅಂತೂ ಹೊಸಾದ ಹಾಕತಿದ್ದೆ. ಘಾಟಿನಾಗ ಮತ್ತ ಕೈ ಕೊಟ್ಟರ?

ವೈರಿಂಗ್_ಅಕ್ಕ

ಸದ್ಯಕ್ಕೆ ಬೆಸುಗೆ. ಒಂದೇ ಚುಕ್ಕೆ ಅಲ್ಲ, ಎಂಟೂ ಹೊಸದಾಗಿ ಹಾಕಿಸಿ. ಹಳೆ ಸೀಸ ತೆಗೆದು ಹಾಕಲಿ, ಮೇಲೆ ಮೇಲೆ ಸುರಿಯಬಾರದು. ಒಳಗಿನ ಕಾಂಟ್ಯಾಕ್ಟ್ ಕಪ್ಪಾಗಿದ್ದರೆ ಮಾತ್ರ ಹೊಸ ರಿಲೇ. ಬೆಂಗಳೂರಿಗೆ ಹೋಗುವವರಿದ್ದರೆ ಜೆ.ಸಿ. ರಸ್ತೆಯಲ್ಲಿ ಪಾರ್ಟ್ ನಂಬರ್ ಕೊಟ್ಟು ಕೇಳಿಸಿ, ಒಂದು ಗ್ಲೌ ಬಾಕ್ಸ್‌ನಲ್ಲಿ ಇರಲಿ.

ಕುಂದಾಪ್ರ_ಕಡಲು

ಇ20 ಶಾಖಕ್ಕೆ ಬೆಸುಗೆ ಕರಗಿರಬಹುದಾ?

ಟಾರ್ಕ್_ತಿಮ್ಮ

ನಿಮಗೆ ದೊಡ್ಡ ನಮಸ್ಕಾರ.

ಹಳೆಗಾಡಿ_ಶಿವಮೊಗ್ಗ (ಮೂರು ವಾರದ ನಂತರ)

ಗಾಂಧಿ ಬಜಾರ್ ಹತ್ತಿರ ರೇಡಿಯೋ, ಮಿಕ್ಸಿ ರಿಪೇರಿ ಮಾಡುವ ಹಿರಿಯರೊಬ್ಬರು ಎಂಟೂ ಚುಕ್ಕೆ ಹಾಕಿಕೊಟ್ಟರು. 40 ರೂಪಾಯಿ. 50 ಕೊಟ್ಟರೆ ಚಿಲ್ಲರೆ ಹುಡುಕಿ ಹತ್ತು ವಾಪಸ್ ಕೊಟ್ಟರು.

ಅವತ್ತಿಂದ 900 ಕಿ.ಮೀ. ಆಗಿದೆ. ಓಡುವಾಗ ಒಂದು ಸಲವೂ ಆಫ್ ಆಗಿಲ್ಲ. ಬಿಸಿಲಲ್ಲಿ ನಿಲ್ಲಿಸಿ ಹಂಪ್ ಮೇಲೆ ಬೇಕಂತಲೇ ಜೋರಾಗಿ ಹೋದೆ, ಏನೂ ಇಲ್ಲ. ಆಗುಂಬೆ ಎರಡು ಸಲ ಹತ್ತಿಳಿದೆ, ಗೇರಲ್ಲೇ ಇಳಿದೆ.

ಸಿಗ್ನಲ್‌ನಲ್ಲಿ ಆಫ್ ಆಗೋದು ಮಾತ್ರ ಅಕ್ಕ ಹೇಳಿದ ಹಾಗೇ ಉಳಿದಿತ್ತು. ನಿನ್ನೆ ಥ್ರಾಟಲ್ ಬಾಡಿ ಬಿಚ್ಚಿದೆ. ಒಳಗೆ ಒಲೆ ಮೇಲಿನ ಪಾತ್ರೆ ತಳದ ಹಾಗೆ ಮಸಿ. ಸ್ಪ್ರೇ ಹಾಕಿ ಹಳೆ ಟೂತ್‌ಬ್ರಷ್‌ನಲ್ಲಿ ಉಜ್ಜಿದೆ. ಈಗ ಎಸಿ ಹಾಕಿದರೆ 850ರಲ್ಲಿ ನಿಲ್ಲುತ್ತದೆ. ಒಂದೆರಡು ವಾರ ನೋಡಿ ಹೇಳುತ್ತೇನೆ.

ಸ್ಪ್ಯಾನರ್_ಸಿದ್ದ

ನನ್ನ ಶೆಡ್‌ನ ಗಾಡಿ ರಿಲೇ ಅಲ್ಲ. ಎಲ್ಲಾ ತಟ್ಟಿ ಕೈ ನೋವು ಬಂತು. ಅದು ಕ್ರ್ಯಾಂಕ್ ಸೆನ್ಸರೇ. ತಣ್ಣೀರು ಹಾಕಿದ ತಕ್ಷಣ ಸ್ಟಾರ್ಟ್.

ಬೆಣ್ಣೆದೋಸೆ_ದಾವಣಗೆರೆ

ಅಣ್ಣಾ, ನಿಮ್ಮ ಹಳೆ ಪಂಪು, ಹಳೆ ಕಾಯಿಲ್ ಏನೂ ಕೆಟ್ಟಿರಲಿಲ್ಲ ಅಲ್ವಾ? ಎಲ್ಲಿವೆ?

ಹಳೆಗಾಡಿ_ಶಿವಮೊಗ್ಗ

ಅಟ್ಟದ ಮೇಲೆ, ಬಿಸ್ಕತ್ತಿನ ಡಬ್ಬದಲ್ಲಿ. ಯಾಕೆ?

ಬೆಣ್ಣೆದೋಸೆ_ದಾವಣಗೆರೆ

ನನ್ನ ಹತ್ತಿರವೂ ಅದೇ ಗಾಡಿ ಇದೆ. 2003ರದ್ದು. ಪಂಪು ಹೋಗಿದೆ. ಎಷ್ಟಕ್ಕೆ ಕೊಡ್ತೀರಾ?

ಹಳೆಗಾಡಿ_ಶಿವಮೊಗ್ಗ

ಮಾರಿಬಿಡಿ ಅಂದಿದ್ದು ನೀವೇ ಅಲ್ವಾ?!

ಬೆಣ್ಣೆದೋಸೆ_ದಾವಣಗೆರೆ

ನಿಮ್ಮದನ್ನ ಮಾರಿ ಅಂದಿದ್ದು. ಬಿಡಿ ಭಾಗ ಸಿಗುತ್ತಿತ್ತು. 800 ಕೊಡ್ತೀನಿ, ಬಸ್ಸಿಗೆ ಹಾಕಿಬಿಡಿ.

ಹಳೆಗಾಡಿ_ಶಿವಮೊಗ್ಗ

1,500. ಜೊತೆಗೆ ಬೆಣ್ಣೆ ದೋಸೆ.